ದ್ವೀಪದಲ್ಲಿ ಉಳಿದ ದೊಡ್ಡ ಉಡ

ಕೊಮೊಡೊ ಡ್ರ್ಯಾಗನ್ ಎಂಬ ಹೆಸರು ಕನ್ನಡದಲ್ಲಿ ಕಂಡಾಗಲೆಲ್ಲ ಅದರ ಬೆನ್ನಿಗೇ ‘ದೈತ್ಯ ಹಲ್ಲಿ’ ಎಂಬ ವಿವರಣೆಯೂ ಬರುತ್ತದೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಆ ಪ್ರಾಣಿಗೆ ಇನ್ನೂ ಹತ್ತಿರವಾದ ಮಾತು ನಮ್ಮಲ್ಲೇ ಇದೆ. ಅದು ಉಡ. ಹೊಲದ ಬದುವಿನಲ್ಲಿ, ಹುತ್ತದ ಮಗ್ಗುಲಲ್ಲಿ, ಹಳೆಯ ಮರದ ಪೊಟರೆಯಲ್ಲಿ ಸೀಳು ನಾಲಗೆ ಚಾಚುತ್ತ ಮರೆಯಾಗುವ ನಮ್ಮ ನೆಲದ ಉಡ ಯಾವ ‘ವೆರಾನಸ್’ ಕುಲಕ್ಕೆ ಸೇರಿದೆಯೋ ಕೊಮೊಡೊದ ಈ ಪ್ರಾಣಿಯೂ ಅದೇ ಕುಲದ್ದು. ನಮ್ಮದು ‘ವೆರಾನಸ್ ಬೆಂಗಾಲೆನ್ಸಿಸ್’, ಅದು ‘ವೆರಾನಸ್ ಕೊಮೊಡೊಯೆನ್ಸಿಸ್’. ನಮ್ಮ ಉಡ ಬಾಲವೂ ಸೇರಿ ಒಂದೂಮುಕ್ಕಾಲು ಮೀಟರ್ ಮುಟ್ಟಿದರೆ ಹೆಚ್ಚು. ಕೊಮೊಡೊದ್ದು ಮೂರು ಮೀಟರ್‌ವರೆಗೂ ಬೆಳೆಯುತ್ತದೆ, ಇಂದು ಬದುಕಿರುವ ಹಲ್ಲಿಗಳ ಬಳಗದಲ್ಲೆಲ್ಲ ಅತಿ ದೊಡ್ಡದೆನಿಸುತ್ತದೆ. ‘ಡ್ರ್ಯಾಗನ್’ ಎಂಬ ಹೆಸರು ಕಟ್ಟಿಕೊಡುವ ಬೆಂಕಿಯುಗುಳುವ ಭೂತವನ್ನು ಬದಿಗಿಟ್ಟು, ಉಡವೊಂದು ಒಣ ದ್ವೀಪಗಳಲ್ಲಿ ಹುಲಿ ಚಿರತೆಗಳ ಸ್ಥಾನಕ್ಕೆ ಹೇಗೆ ಬಂದು ಕುಳಿತಿತು ಎಂದು ಕೇಳಿಕೊಂಡರೆ ಆ ಪ್ರಾಣಿಯ ಬಹುಪಾಲು ಸ್ವಭಾವಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಇಂಡೊನೇಷ್ಯಾದ ಪೂರ್ವ ನುಸಾ ತೆಂಗಾರಾ ಪ್ರಾಂತ್ಯದಲ್ಲಿ ಸುಂಬಾವಾ ಮತ್ತು ಫ್ಲೋರೆಸ್ ಎಂಬ ಎರಡು ದೊಡ್ಡ ದ್ವೀಪಗಳ ನಡುವೆ, ಬಲವಾದ ಸೆಳವಿನ ಸಮುದ್ರದಲ್ಲಿ ಚದುರಿದಂತೆ ಬಿದ್ದಿರುವ ಸಣ್ಣ ದ್ವೀಪಗಳೇ ಇದರ ನೆಲೆ. ಕೊಮೊಡೊ ಮತ್ತು ರಿಂಚಾ ದ್ವೀಪಗಳಲ್ಲಿ ಇವುಗಳ ಸಂಖ್ಯೆ ಹೆಚ್ಚು. ಗಿಲಿ ಮೊತಾಂಗ್ ಮತ್ತು ನುಸಾ ಕೋಡೆ ಎಂಬ ಪುಟ್ಟ ದ್ವೀಪಗಳಲ್ಲಿ ಒಂದಿಷ್ಟು ಇವೆ. ಫ್ಲೋರೆಸ್‌ನ ಪಶ್ಚಿಮ ಮತ್ತು ಉತ್ತರ ಕರಾವಳಿಯಲ್ಲಿ ತುಂಡುತುಂಡಾದ ಕಾಡುಗಳಲ್ಲಿ ಇನ್ನಷ್ಟು ಉಳಿದುಕೊಂಡಿವೆ. ಜಗತ್ತಿನಲ್ಲಿ ಬೇರೆಲ್ಲೂ ಇವು ಕಾಡು ಪ್ರಾಣಿಯಾಗಿ ಬದುಕಿಲ್ಲ. ಹುಲಿಯ ಹಿಂದಿನ ಕಾಲದ ಹರಹು ಅರ್ಧ ಏಷ್ಯಾ ಖಂಡದಷ್ಟಿದ್ದರೆ, ಇಷ್ಟು ದೊಡ್ಡದಾದ ಈ ಬೇಟೆಗಾರನ ಇಡೀ ಪ್ರಪಂಚ ನಮ್ಮ ಕೆಲವು ತಾಲ್ಲೂಕುಗಳನ್ನು ಕೂಡಿಸಿದರೆ ಮುಗಿದುಹೋಗುವಷ್ಟು ಚಿಕ್ಕದು.

ಉಷ್ಣವಲಯದ ದ್ವೀಪ ಎಂದೊಡನೆ ಮನಸ್ಸಿಗೆ ಬರುವ ದಟ್ಟ ಮಳೆಕಾಡು ಅಲ್ಲಿಲ್ಲ. ಇಂಡೊನೇಷ್ಯಾದ ಅತಿ ಒಣ ಪ್ರದೇಶಗಳಲ್ಲಿ ಇದೂ ಒಂದು. ವರ್ಷದಲ್ಲಿ ಏಳೆಂಟು ತಿಂಗಳು ಮಳೆಯೇ ಇರುವುದಿಲ್ಲ. ಏಪ್ರಿಲ್ ಕಳೆಯುತ್ತಿದ್ದಂತೆ ಹಸಿರಾಗಿದ್ದ ಗುಡ್ಡಗಳು ಹುಲ್ಲೊಣಗಿ ಕಂದುಬಣ್ಣಕ್ಕೆ ತಿರುಗುತ್ತವೆ, ತೊರೆಗಳು ಬತ್ತಿ ಅಲ್ಲಲ್ಲಿ ಕೆಸರಿನ ಗುಂಡಿಗಳಷ್ಟೇ ಉಳಿಯುತ್ತವೆ. ಗುಡ್ಡದ ಮೈಯ ತುಂಬ ಹುಲ್ಲು, ನಡುನಡುವೆ ಒಂಟಿಯಾಗಿ ನಿಂತ ತಾಳೆ ಮರ. ಕಣಿವೆಗಳಿಗೆ ಇಳಿದರೆ ಹುಣಸೆ ಮರಗಳ ನೆರಳು. ಬಯಲುಸೀಮೆಯವರಿಗೆ ಈ ಎರಡೂ ಮರಗಳ ಪರಿಚಯ ಮಾಡಿಕೊಡಬೇಕಿಲ್ಲ. ಅಲ್ಲಿನವರು ‘ಲೊಂತಾರ್’ ಎನ್ನುವುದು ನಮ್ಮ ತಾಟಿನಿಂಗು ಬಿಡುವ ತಾಳೆಯನ್ನೇ. ಜಾವಾ ಭಾಷೆಯಲ್ಲಿ ಎಲೆಗೆ ‘ರೊನ್’ ಎನ್ನುತ್ತಾರೆ, ಅದಕ್ಕೆ ಸಂಸ್ಕೃತದ ‘ತಾಲ’ ಸೇರಿ ‘ರೊನ್ತಾಲ್’ ಆಗಿ, ಅಕ್ಷರಗಳು ಹಿಂದುಮುಂದಾಗಿ ಲೊಂತಾರ್ ಆಯಿತು. ತಾಳೆಗರಿಯ ಮೇಲೆ ಬರೆಯುವ ರೂಢಿ ಅಲ್ಲಿಯೂ ಇತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ಈ ಭೂದೃಶ್ಯದಲ್ಲಿ ಉಡದ ಒಂದು ದಿನ ಬಿಸಿಲಿನ ಲೆಕ್ಕಾಚಾರದಲ್ಲೇ ಕಳೆಯುತ್ತದೆ. ತನ್ನ ಮೈಗೆ ಬೇಕಾದ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದ ಶೀತರಕ್ತ ಪ್ರಾಣಿಯಾದ್ದರಿಂದ ಬೆಳಗ್ಗೆ ಬಿಲದಿಂದ ಹೊರಬಂದು ಬಂಡೆಯ ಮೇಲೋ ಬಯಲಿನಲ್ಲೋ ಮೈಚಾಚಿ ಬಿಸಿಲು ಕಾಯಿಸಿಕೊಳ್ಳುತ್ತದೆ. ಮೈ ಮೂವತ್ತೈದು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಬಂದಮೇಲೆ ಓಡಾಟಕ್ಕೆ ತೊಡಗುತ್ತದೆ. ನಡುಹಗಲಿನ ಬೇಗೆ ಏರಿದಂತೆ ಹುಣಸೆಯ ನೆರಳಿಗೋ ಬಿಲಕ್ಕೋ ಸರಿಯುತ್ತದೆ. ಬಲವಾದ ಮುಂಗಾಲುಗಳಿಂದ ತಾನೇ ತೋಡಿಕೊಂಡ ಈ ಬಿಲಗಳು ಒಂದರಿಂದ ಮೂರು ಮೀಟರ್ ಅಗಲ ಇರುವುದುಂಟು. ಹಗಲಿನಲ್ಲಿ ತಂಪು, ರಾತ್ರಿಯಲ್ಲಿ ಬೆಚ್ಚಗೆ. ಜಿಂಕೆಗಳು ಓಡಾಡುವ ಹಾದಿಗಳೂ ಇದೇ ನೆರಳಿನ ಕಣಿವೆಗಳ ಮೂಲಕ ಹಾಯುತ್ತವೆ. ತಂಪು, ನೀರು, ಬೇಟೆ ಮೂರೂ ಒಂದೆಡೆ ಕೂಡುವ ಜಾಗ ಅದು. ಮೈ ತಣಿಸಿಕೊಳ್ಳಲೆಂದು ಮಲಗಿದ ಪ್ರಾಣಿ ಹಾಗೆಯೇ ಹೊಂಚುಗಾರನೂ ಆಗುವುದು ಹೀಗೆ.

ಇಷ್ಟು ದೊಡ್ಡ ಉಡ ಇಷ್ಟು ಚಿಕ್ಕ ದ್ವೀಪಗಳಲ್ಲಿ ಏಕಿದೆ ಎಂಬ ಪ್ರಶ್ನೆಗೆ ಬಹುಕಾಲ ಒಂದು ಸೊಗಸಾದ ಉತ್ತರ ಚಾಲ್ತಿಯಲ್ಲಿತ್ತು. ದೂರದ ದ್ವೀಪಗಳನ್ನು ತಲುಪಿದ ಪ್ರಾಣಿಗಳು ಪೈಪೋಟಿಯಿಲ್ಲದೆ ದೈತ್ಯವಾಗುವುದೂ, ಮೇವು ಕಡಿಮೆಯಾಗಿ ಕುಬ್ಜವಾಗುವುದೂ ಹಲವು ಕಡೆ ಕಂಡುಬಂದಿರುವ ಸಂಗತಿ. ಫ್ಲೋರೆಸ್‌ನಲ್ಲೇ ಹಿಂದೆ ಸ್ಟೆಗೊಡಾನ್ ಎಂಬ ಆನೆಯ ಬಂಧು ಕುಬ್ಜರೂಪದಲ್ಲಿ ಬದುಕಿತ್ತು. ಅಲ್ಲಿನ ಲಿಯಾಂಗ್ ಬುವಾ ಗುಹೆಯಲ್ಲಿ ಸಿಕ್ಕ, ಮೂರೂವರೆ ಅಡಿ ಎತ್ತರದ ಮಾನವ ಬಂಧು ‘ಹೋಮೊ ಫ್ಲೋರೆಸಿಯೆನ್ಸಿಸ್’ನ ಕಥೆ ಎಲ್ಲರಿಗೂ ಗೊತ್ತು. ಹಾಗಾಗಿ ಸಣ್ಣ ಉಡವೊಂದು ಇಲ್ಲಿಗೆ ಬಂದು, ಕುಳ್ಳ ಆನೆಗಳನ್ನು ತಿನ್ನುತ್ತ ದೊಡ್ಡದಾಗಿರಬೇಕು ಎಂದು ಊಹಿಸಿದ್ದು ಸಹಜವೇ. ಆದರೆ ಪಳೆಯುಳಿಕೆಗಳು ಬೇರೆ ಮಾತು ಹೇಳಿದವು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸಿಕ್ಕ ಮೂಳೆಗಳನ್ನು ಪರಿಶೀಲಿಸಿ, ಸುಮಾರು 38 ಲಕ್ಷ ವರ್ಷಗಳ ಹಿಂದೆಯೇ ಆ ಖಂಡದಲ್ಲಿ ಕೊಮೊಡೊ ಉಡವು ಹೆಚ್ಚುಕಡಿಮೆ ಇಂದಿನ ಗಾತ್ರದಲ್ಲೇ ಇತ್ತು ಎಂದು ತೋರಿಸಿತು. ಫ್ಲೋರೆಸ್‌ನಲ್ಲಿ ಅದರ ಕುರುಹು ಸಿಗುವುದು ಸುಮಾರು ಒಂಬತ್ತು ಲಕ್ಷ ವರ್ಷಗಳಿಂದೀಚೆಗೆ. ಅಂದರೆ ದೊಡ್ಡದಾಗಿಯೇ ಬಂದ ಪ್ರಾಣಿ ಇದು. ಆಸ್ಟ್ರೇಲಿಯಾದಲ್ಲಿ ಇದಕ್ಕಿಂತಲೂ ಬಹಳ ದೊಡ್ಡದಾಗಿದ್ದ ‘ಮೆಗಾಲೇನಿಯಾ’ ಎಂಬ ಉಡವೂ ಇತ್ತು. ಅದು ಅಳಿಯಿತು, ಖಂಡದ ಮೇಲಿದ್ದ ಕೊಮೊಡೊ ಉಡಗಳೂ ಅಳಿದವು. ದ್ವೀಪಗಳಲ್ಲಿ ನೆಲೆಸಿದವು ಮಾತ್ರ ಉಳಿದವು.

ಅವು ಹೇಗೆ ಉಳಿದವು ಎಂಬುದಕ್ಕೆ ಭೂಗೋಳ ಸ್ವಲ್ಪ ಉತ್ತರ ಕೊಡುತ್ತದೆ. ಏಷ್ಯಾದ ಪ್ರಾಣಿಸಂಕುಲ ಬಾಲಿಯವರೆಗೆ ಬಂದು ನಿಲ್ಲುತ್ತದೆ. ಬಾಲಿ ಮತ್ತು ಲೊಂಬೊಕ್ ನಡುವಿನ ಆಳವಾದ ಜಲಸಂಧಿಯನ್ನು, ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಗುರುತಿಸಿದ ಆ ಗೆರೆಯನ್ನು, ಹುಲಿ ದಾಟಲಿಲ್ಲ, ಚಿರತೆ ದಾಟಲಿಲ್ಲ, ಕಾಡುನಾಯಿಯೂ ದಾಟಲಿಲ್ಲ. ಹಿಮಯುಗಗಳಲ್ಲಿ ಸಮುದ್ರಮಟ್ಟ ನೂರು ಮೀಟರಿಗೂ ಹೆಚ್ಚು ಇಳಿದಾಗ ಕೊಮೊಡೊ, ರಿಂಚಾ, ಫ್ಲೋರೆಸ್‌ಗಳು ಕೂಡಿಕೊಂಡು ಒಂದೇ ನೆಲವಾಗಿದ್ದರೂ ಆ ಜಲಸಂಧಿ ಬತ್ತಲಿಲ್ಲ. ಹೀಗೆ ಸಸ್ತನಿ ಬೇಟೆಗಾರರ ಉಪಟಳವಿಲ್ಲದ ನಾಡಿನಲ್ಲಿ ಉಡವೇ ಮೇಲಿನ ಬೇಟೆಗಾರನಾಗಿ ನಿಂತಿತು. ಇದಕ್ಕೆ ಶೀತರಕ್ತವೂ ನೆರವಾಗಿರಬೇಕು. ಇಷ್ಟೇ ತೂಕದ ಚಿರತೆಗೆ ವಾರಕ್ಕೊಮ್ಮೆಯಾದರೂ ಬೇಟೆ ಬೇಕು. ಬೆಳೆದ ಕೊಮೊಡೊ ಉಡ ವರ್ಷಕ್ಕೆ ಹನ್ನೆರಡು ಒಳ್ಳೆಯ ಊಟಗಳಲ್ಲಿ ಬದುಕಿಕೊಳ್ಳಬಲ್ಲದು. ಚಿಕ್ಕ ದ್ವೀಪದಲ್ಲಿ ಜಿಂಕೆಗಳ ಸಂಖ್ಯೆ ಏರಿಳಿದಾಗ ಹಸಿದು ಕಾಯಬಲ್ಲ ಪ್ರಾಣಿಯೇ ಬಾಳುತ್ತದೆ. ಇಂದಿಗೂ ದ್ವೀಪಕ್ಕೂ ಗಾತ್ರಕ್ಕೂ ಇರುವ ನಂಟು ಕಣ್ಣಿಗೆ ಕಾಣುವಂತಿದೆ: ಜಿಂಕೆ ವಿರಳವಾಗಿರುವ ಗಿಲಿ ಮೊತಾಂಗ್ ಮತ್ತು ನುಸಾ ಕೋಡೆಯ ಉಡಗಳು ಕೊಮೊಡೊ, ರಿಂಚಾಗಳ ಉಡಗಳಿಗಿಂತ ಎದ್ದುಕಾಣುವಷ್ಟು ಚಿಕ್ಕವು.

ವಿಜ್ಞಾನಲೋಕಕ್ಕೆ ಈ ಪ್ರಾಣಿಯ ಪರಿಚಯವಾದದ್ದು ಆಶ್ಚರ್ಯವಾಗುವಷ್ಟು ತಡವಾಗಿ. 1910ರಲ್ಲಿ ‘ನೆಲದ ಮೊಸಳೆ’ಯ ಸುದ್ದಿ ಕೇಳಿದ ಡಚ್ ವಸಾಹತು ಆಡಳಿತದ ಲೆಫ್ಟಿನೆಂಟ್ ವಾನ್ ಸ್ಟೇನ್ ವಾನ್ ಹೆನ್ಸ್‌ಬ್ರೂಕ್ ಎಂಬಾತ ಕೊಮೊಡೊಗೆ ಹೋಗಿ, ಒಂದು ಫೋಟೊವನ್ನೂ ಚರ್ಮವನ್ನೂ ಜಾವಾದ ಬೊಗೊರ್ ಪ್ರಾಣಿ ಸಂಗ್ರಹಾಲಯಕ್ಕೆ ಕಳಿಸಿದ. ಅಲ್ಲಿನ ನಿರ್ದೇಶಕ ಪೀಟರ್ ಔವೆನ್ಸ್ 1912ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟು ಪ್ರಕಟಿಸಿದರು. ಪಕ್ಕದ ಸುಂಬಾವಾ ದ್ವೀಪದ ಬೀಮಾ ಎಂಬ ರಾಜ್ಯದ ಸುಲ್ತಾನರು 1915ರಷ್ಟು ಹಿಂದೆಯೇ ಇದನ್ನು ಕೊಲ್ಲಬಾರದೆಂದು ಆಜ್ಞೆ ಹೊರಡಿಸಿದ್ದರು. 1926ರಲ್ಲಿ ಅಮೆರಿಕದ ಡಬ್ಲ್ಯು. ಡಗ್ಲಸ್ ಬರ್ಡನ್ ತಂಡ ಕಟ್ಟಿಕೊಂಡು ಬಂದು ಹನ್ನೆರಡು ಸಂರಕ್ಷಿತ ದೇಹಗಳನ್ನೂ ಎರಡು ಜೀವಂತ ಉಡಗಳನ್ನೂ ಕೊಂಡೊಯ್ದ. ‘ಡ್ರ್ಯಾಗನ್’ ಎಂಬ ಹೆಸರು ಜನಪ್ರಿಯವಾದದ್ದು ಅವನಿಂದಲೇ. ಅದರ ಮರುವರ್ಷ ಲಂಡನ್ ಮೃಗಾಲಯಕ್ಕೂ ಉಡಗಳು ಬಂದವು. ಅಲ್ಲಿ ಸರೀಸೃಪಗಳ ಮೇಲ್ವಿಚಾರಕಿಯಾಗಿದ್ದ ಜೋನ್ ಪ್ರಾಕ್ಟರ್ ಅವುಗಳನ್ನು ಎಷ್ಟು ಪಳಗಿಸಿದ್ದರೆಂದರೆ ಒಂದು ಉಡ ಅವರ ದನಿ ಕೇಳಿದರೆ ಸಾಕು, ಅವರು ಕಣ್ಣಿಗೆ ಕಾಣದಿದ್ದರೂ ಊಟಕ್ಕೆ ಹೊರಬರುತ್ತಿತ್ತು. ಕೊಮೊಡೊ ಉಡಕ್ಕೆ ಕಿವಿಯೇ ಕೇಳಿಸದು ಎಂಬ ಆಗಿನ ನಂಬಿಕೆ ಬಿದ್ದುಹೋದದ್ದು ಹೀಗೆ. ಅದರ ಕಿವಿ ಮಂದವಾದದ್ದೇನೋ ನಿಜ, ಸುಮಾರು 400ರಿಂದ 2,000 ಹರ್ಟ್ಸ್‌ವರೆಗಿನ ಸದ್ದುಗಳಷ್ಟೇ ಅದಕ್ಕೆ ಕೇಳುತ್ತವೆ. ಮನುಷ್ಯರ ಮಾತು ಆ ಮಿತಿಯೊಳಗೆ ಬರುತ್ತದೆ.

ಗಾತ್ರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಅಂಕಿಯನ್ನು ಹಿಡಿದುಕೊಂಡಿರುತ್ತಾರೆ: 3.13 ಮೀಟರ್ ಉದ್ದ, 166 ಕಿಲೊಗ್ರಾಂ ತೂಕ. ಅಳತೆ ದೃಢಪಟ್ಟ ಅತಿ ದೊಡ್ಡ ಉಡ ಅದೇ ಹೌದು, ಆದರೆ ಆ ತೂಕದಲ್ಲಿ ಅದರ ಹೊಟ್ಟೆಯೊಳಗಿದ್ದ ಜೀರ್ಣವಾಗದ ಊಟವೂ ಸೇರಿತ್ತು. ಕಾಡಿನಲ್ಲಿ ಬೆಳೆದ ಗಂಡು ಸಾಮಾನ್ಯವಾಗಿ ಎರಡೂವರೆ ಮೀಟರ್ ಉದ್ದ, ಎಪ್ಪತ್ತು ಕಿಲೊಗ್ರಾಂ ಆಸುಪಾಸಿನ ತೂಕ ಇರುತ್ತದೆ. ಹೆಣ್ಣು ಇನ್ನಷ್ಟು ಚಿಕ್ಕದು. ಆ ಉದ್ದದಲ್ಲಿ ಅರ್ಧ ಬಾಲವೇ. ಬಾಲ ಬೀಸಿ ಹೊಡೆದರೆ ಎದುರಾಳಿ ಉರುಳಿಬೀಳುವಷ್ಟು ಬಲ ಅದರಲ್ಲಿರುತ್ತದೆ. ಬೆಳೆದ ಉಡದ ಚರ್ಮದಡಿಯಲ್ಲಿ ಚಿಕ್ಕಚಿಕ್ಕ ಮೂಳೆಗಳು ಒಂದಕ್ಕೊಂದು ಹೆಣೆದುಕೊಂಡು, ಯೋಧರು ತೊಡುತ್ತಿದ್ದ ಸರಪಳಿ ಕವಚದಂತೆ ಹರಡಿರುತ್ತವೆ. ಮರಿಗಳಲ್ಲಿ ಈ ಕವಚ ಇರುವುದಿಲ್ಲ, ವಯಸ್ಸಾದಂತೆ ಬೆಳೆಯುತ್ತದೆ. ಬೇರೆ ಪರಭಕ್ಷಕಗಳಿಲ್ಲದ ದ್ವೀಪದಲ್ಲಿ ಕವಚ ಯಾರ ವಿರುದ್ಧ ಎಂಬ ಪ್ರಶ್ನೆಗೆ ಉತ್ತರ ಸರಳ: ಇತರ ಕೊಮೊಡೊ ಉಡಗಳ ವಿರುದ್ಧ.

ನಾಲಗೆಯ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಪ್ರಾಣಿ ಜಗತ್ತನ್ನು ಅರಿಯುವುದೇ ಅದರಿಂದ. ಹಳದಿ ಬಣ್ಣದ, ಉದ್ದವಾದ, ತುದಿಯಲ್ಲಿ ಎರಡಾಗಿ ಸೀಳಿದ ನಾಲಗೆ ಹೊರಬಂದು ಗಾಳಿಯಲ್ಲೊಮ್ಮೆ ಆಡಿ ಒಳಹೋಗುವಷ್ಟರಲ್ಲಿ ಅದರ ಎರಡು ಕವಲುಗಳಿಗೂ ವಾಸನೆಯ ಕಣಗಳು ಅಂಟಿಕೊಂಡಿರುತ್ತವೆ. ಬಾಯಿಯ ಅಂಗುಳಿನಲ್ಲಿ ವಾಸನೆಯನ್ನು ಗ್ರಹಿಸುವ ಜೇಕಬ್ಸನ್ ಅಂಗವಿದೆ. ನಾಲಗೆ ಆ ಕಣಗಳನ್ನು ಅಲ್ಲಿಗೆ ತಲುಪಿಸುತ್ತದೆ. ಎಡಕವಲಿನಲ್ಲಿ ಕಣಗಳು ಹೆಚ್ಚಾಗಿದ್ದರೆ ವಾಸನೆಯ ಮೂಲ ಎಡಕ್ಕಿದೆ, ಬಲದಲ್ಲಿ ಹೆಚ್ಚಿದ್ದರೆ ಬಲಕ್ಕಿದೆ. ನಾವು ಎರಡು ಕಿವಿಗಳಿಂದ ಸದ್ದಿನ ದಿಕ್ಕು ಹಿಡಿಯುವಂತೆ ಅದು ನಾಲಗೆಯ ಎರಡು ತುದಿಗಳಿಂದ ವಾಸನೆಯ ದಿಕ್ಕು ಹಿಡಿಯುತ್ತದೆ. ತಲೆಯನ್ನು ಅತ್ತಿತ್ತ ತೂಗುತ್ತ ನಡೆಯುವ ಅದರ ನಡಿಗೆಯ ಉದ್ದೇಶವೂ ಇದೇ. ಗಾಳಿ ಅನುಕೂಲವಾಗಿದ್ದರೆ ನಾಲ್ಕು ಕಿಲೊಮೀಟರ್‌ಗಿಂತ ದೂರದಲ್ಲಿ ಸತ್ತುಬಿದ್ದ ಪ್ರಾಣಿಯ ಜಾಡನ್ನೂ ಅದು ಹಿಡಿಯಬಲ್ಲದು.

ಬೇಟೆ ಬಹುತೇಕ ಹೊಂಚಿನಿಂದಲೇ. ನಮ್ಮ ಕಡವೆಯ ದಾಯಾದಿಯಾದ ತಿಮೋರ್ ಜಿಂಕೆ, ಕಾಡುಹಂದಿ, ಮನುಷ್ಯರು ತಂದುಬಿಟ್ಟ ನೀರೆಮ್ಮೆ ಇವು ಬೆಳೆದ ಉಡದ ಮುಖ್ಯ ಆಹಾರ. ಹಾದಿಯ ಪಕ್ಕದ ಪೊದೆಯಲ್ಲಿ ಗಂಟೆಗಟ್ಟಲೆ ಅಲುಗದೆ ಮಲಗಿದ್ದು, ಜಿಂಕೆ ಹತ್ತಿರ ಬಂದಾಗ ಒಮ್ಮೆಗೇ ಮೇಲೆರಗುತ್ತದೆ. ಸ್ವಲ್ಪ ದೂರ ಗಂಟೆಗೆ ಸುಮಾರು ಇಪ್ಪತ್ತು ಕಿಲೊಮೀಟರ್ ವೇಗದಲ್ಲಿ ಓಡುವ ಶಕ್ತಿ ಅದಕ್ಕಿದೆ. ಬಹುಪಾಲು ಹಲ್ಲಿಗಳಿಗೆ ಓಡುತ್ತ ಸರಿಯಾಗಿ ಉಸಿರಾಡಲು ಬರುವುದಿಲ್ಲ, ಓಡಲು ಬಳಸುವ ಎದೆಯ ಸ್ನಾಯುಗಳೇ ಉಸಿರಿಗೂ ಬೇಕಾಗುವುದರಿಂದ. ಉಡಗಳು ಗಂಟಲನ್ನು ತಿದಿಯಂತೆ ಒತ್ತಿ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುವ ಉಪಾಯ ಕಂಡುಕೊಂಡಿವೆ. ಈ ಪ್ರಾಣಿ ಓಡುವಾಗಲೂ ಉಸಿರಾಡುವುದರ ಗುಟ್ಟು ಇಲ್ಲಿದೆ.

ಹಿಡಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ ಹಳೆಯ ಪುಸ್ತಕಗಳೂ ಈಗಿನ ತಿಳಿವಳಿಕೆಯೂ ಬೇರೆಬೇರೆ ದಾರಿ ಹಿಡಿಯುತ್ತವೆ. 1969–70ರಲ್ಲಿ ಹನ್ನೊಂದು ತಿಂಗಳು ಕುಟುಂಬಸಮೇತ ಕೊಮೊಡೊದಲ್ಲೇ ಬಿಡಾರ ಹೂಡಿ ಈ ಪ್ರಾಣಿಯನ್ನು ಮೊದಲ ಬಾರಿಗೆ ಕೂಲಂಕಷವಾಗಿ ಅಭ್ಯಸಿಸಿದ ವಾಲ್ಟರ್ ಔಫೆನ್‌ಬರ್ಗ್, ಕಚ್ಚಿಸಿಕೊಂಡು ತಪ್ಪಿಸಿಕೊಂಡ ಎಮ್ಮೆಗಳು ಕೆಲವು ದಿನಗಳಲ್ಲಿ ಗಾಯ ಕೊಳೆತು ಸಾಯುವುದನ್ನು ಗಮನಿಸಿದರು. ಅದರಿಂದ ಹುಟ್ಟಿದ್ದು ಕೊಳಕು ಬಾಯಿಯ ಸಿದ್ಧಾಂತ: ಉಡದ ಜೊಲ್ಲಿನಲ್ಲಿ ಮಾರಕ ಬ್ಯಾಕ್ಟೀರಿಯಾಗಳು ಮನೆಮಾಡಿವೆ, ಅದು ಕಚ್ಚಿ ಬಿಟ್ಟು ಸೋಂಕಿನಿಂದ ಬೇಟೆ ಸಾಯುವವರೆಗೆ ಹಿಂಬಾಲಿಸುತ್ತದೆ ಎಂಬುದು. ಕೇಳಲು ರೋಚಕವಾದ ಈ ಮಾತು ದಶಕಗಟ್ಟಲೆ ಪಠ್ಯಪುಸ್ತಕಗಳಿಂದ ಟಿವಿಯವರೆಗೆ ಓಡಾಡಿತು. 2009ರಲ್ಲಿ ಬ್ರಯನ್ ಫ್ರೈ ಮತ್ತು ಸಂಗಡಿಗರು ಉಡದ ತಲೆಯನ್ನು ಸ್ಕ್ಯಾನ್ ಮಾಡಿ, ಕೆಳದವಡೆಯ ಎರಡೂ ಬದಿಯಲ್ಲಿ ಆರಾರು ಕೋಣೆಗಳ ವಿಷಗ್ರಂಥಿ ಇದೆಯೆಂದೂ ಅದರ ನಾಳಗಳು ಹಲ್ಲುಗಳ ಬುಡದಲ್ಲಿ ತೆರೆದುಕೊಳ್ಳುತ್ತವೆಂದೂ ತೋರಿಸಿದರು. ಆ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ರಕ್ತದೊತ್ತಡವನ್ನು ಇಳಿಸುತ್ತದೆ. 2013ರಲ್ಲಿ ಇನ್ನೊಂದು ಅಧ್ಯಯನ ಮೃಗಾಲಯದ ಕೊಮೊಡೊ ಉಡಗಳ ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಬೇರೆ ಯಾವ ಮಾಂಸಾಹಾರಿಯ ಬಾಯಿಯಲ್ಲೂ ಇರುವಂಥವೇ ಎಂದು ಹೇಳಿತು.

ಹಾಗಾದರೆ ಎಮ್ಮೆಗಳು ಸೋಂಕಿನಿಂದ ಸತ್ತದ್ದು ಸುಳ್ಳೇ? ಸುಳ್ಳಲ್ಲ, ಕಾರಣ ಬೇರೆ. ಎಮ್ಮೆ ಆ ದ್ವೀಪಗಳ ಮೂಲ ಪ್ರಾಣಿಯಲ್ಲ. ಗಾಯಗೊಂಡ ಎಮ್ಮೆ ತನ್ನ ಹುಟ್ಟುಗುಣದಂತೆ ನೀರಿಗೆ ಓಡುತ್ತದೆ. ಆದರೆ ಬೇಸಗೆಯ ಕೊಮೊಡೊದಲ್ಲಿ ಅದಕ್ಕೆ ಸಿಗುವುದು ಸಗಣಿ ಬೆರೆತ, ನಿಂತ ಕೆಸರುಗುಂಡಿ. ಅದರಲ್ಲಿ ಹೊರಳಿದ ತೆರೆದ ಗಾಯ ಕೊಳೆಯದೆ ಇನ್ನೇನಾದೀತು? ಸೋಂಕು ಬಂದದ್ದು ಉಡದ ಬಾಯಿಂದಲ್ಲ, ಎಮ್ಮೆ ಬಿದ್ದ ಹೊಂಡದಿಂದ ಎಂಬುದು ಈಗಿನ ವಿವರಣೆ. ವಿಷದ ಪಾತ್ರ ಎಷ್ಟು ಎಂಬುದರಲ್ಲೂ ಎಲ್ಲ ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಸೀಳಿದ ಗಾಯದಿಂದ ಹರಿಯುವ ರಕ್ತ ಮತ್ತು ಆಘಾತವೇ ಕೊಲ್ಲಲು ಸಾಕು, ವಿಷದ ಹಂಗು ಅಷ್ಟಾಗಿ ಬೇಕಿಲ್ಲ ಎನ್ನುವವರಿದ್ದಾರೆ. ನನಗೆ ತೋರುವಂತೆ ಇದರಲ್ಲಿ ಹೆಚ್ಚು ಗಮನಿಸಬೇಕಾದದ್ದು ಹಲ್ಲು. ‘ಉಡದ ಹಿಡಿತ’ ಎಂದು ನಾವು ಹೇಳುವುದು ಅಂಟಿಕೊಂಡರೆ ಬಿಡದ ಪಟ್ಟಿಗೆ; ಈ ದೊಡ್ಡ ಉಡದ ಬಾಯಿಗೆ ಆ ಮಾತು ಒಪ್ಪುವುದಿಲ್ಲ. ಅದರ ತಲೆಬುರುಡೆ ಹಗುರ, ದವಡೆಯ ಕಚ್ಚುವ ಬಲ ಅದರ ಗಾತ್ರದ ಮೊಸಳೆಯ ಮುಂದೆ ಏನೇನೂ ಅಲ್ಲ. ಕಚ್ಚಿದೊಡನೆ ಕತ್ತಿನ ಬಲದಿಂದ ತಲೆಯನ್ನು ಹಿಂದಕ್ಕೆಳೆಯುತ್ತದೆ, ಆಗ ಹಿಂಬಾಗಿದ, ಗರಗಸದ ಅಂಚುಳ್ಳ ಸುಮಾರು ಅರವತ್ತು ಹಲ್ಲುಗಳು ಮಾಂಸವನ್ನು ಕೊಯ್ದುಕೊಂಡು ಬರುತ್ತವೆ. ಒತ್ತಿದರೆ ಕೊಯ್ಯದ, ಎಳೆದರೆ ಕೊಯ್ಯುವ ಕುಡುಗೋಲಿನ ರೀತಿ ಅದು. ಆ ಹಲ್ಲುಗಳ ತುದಿ ಮತ್ತು ಗರಗಸದಂಚು ಕಿತ್ತಳೆ ಬಣ್ಣಕ್ಕಿರುವುದನ್ನು ಹತ್ತಿರದಿಂದ ನೋಡಿದವರು ಊಟದ ಕಲೆಯೆಂದುಕೊಳ್ಳಬಹುದು. ಅದು ಕಬ್ಬಿಣ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದಂತೆ ಹಲ್ಲಿನ ಎನಾಮಲ್ ಮೇಲೆ ಕಬ್ಬಿಣಾಂಶದ ತೆಳುಲೇಪವಿದ್ದು, ಅಂಚು ಮೊಂಡಾಗದಂತೆ ಅದು ಕಾಯುತ್ತದೆ. ಹಲ್ಲು ಮುರಿದರೂ ಚಿಂತೆಯಿಲ್ಲ. ಜೀವನವಿಡೀ ಹೊಸ ಹಲ್ಲುಗಳು ಹುಟ್ಟುತ್ತಲೇ ಇರುತ್ತವೆ.

ಉಣ್ಣುವ ಪರಿ ನೋಡುವವರಿಗೆ ಅಷ್ಟೇನೂ ಹಿತವಲ್ಲ. ದೊಡ್ಡ ಬೇಟೆಯನ್ನು ತುಂಡು ಹರಿದು ನುಂಗುತ್ತದೆ, ಆಡಿನಷ್ಟು ದೊಡ್ಡದನ್ನು ಇಡಿಯಾಗಿಯೇ ನುಂಗಲು ಯತ್ನಿಸುತ್ತದೆ. ನುಂಗಲು ಕಾಲು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಉಸಿರುಕಟ್ಟದಿರಲೆಂದು ನಾಲಗೆಯ ಕೆಳಗಿರುವ ಕೊಳವೆಯ ಮೂಲಕ ಗಾಳಿ ಶ್ವಾಸಕೋಶಕ್ಕೆ ಹೋಗುತ್ತಿರುತ್ತದೆ. ಬೇಗ ಮುಗಿಸಬೇಕೆನಿಸಿದರೆ ಬಾಯಲ್ಲಿರುವ ಹೆಣವನ್ನು ಮರಕ್ಕೆ ಒತ್ತಿ ಗಂಟಲೊಳಗೆ ತಳ್ಳುವುದೂ ಉಂಟು. ಒಂದೇ ಊಟದಲ್ಲಿ ತನ್ನ ತೂಕದ ಶೇಕಡ 80ರಷ್ಟನ್ನು ತಿನ್ನಬಲ್ಲ ಪ್ರಾಣಿಯಿದು. ತಿಂದ ಮೇಲೆ ಬಿಸಿಲಿಗೆ ಹೋಗಿ ಮಲಗುತ್ತದೆ, ಏಕೆಂದರೆ ಮೈ ಬೆಚ್ಚಗಿರದಿದ್ದರೆ ಹೊಟ್ಟೆಯಲ್ಲಿರುವುದು ಜೀರ್ಣವಾಗದೆ ಕೊಳೆತು ಅದಕ್ಕೇ ನಂಜಾದೀತು. ಕೊನೆಗೆ ಕೊಂಬು, ಕೂದಲು, ಹಲ್ಲುಗಳ ಗಂಟೊಂದನ್ನು ನಾರುವ ಲೋಳೆಯೊಡನೆ ಕಕ್ಕುತ್ತದೆ, ಕಕ್ಕಿದ ಮೇಲೆ ಆ ಲೋಳೆಯ ವಾಸನೆ ತನಗೇ ಸಹಿಸದೆಂಬಂತೆ ಮೂತಿಯನ್ನು ಮಣ್ಣಿಗೋ ಪೊದೆಗೋ ಉಜ್ಜಿಕೊಳ್ಳುತ್ತದೆ.

ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಕೂಡುವ ಕಾಲ. ಗಂಡುಗಳು ಹಿಂಗಾಲಿನ ಮೇಲೆ ಎದ್ದುನಿಂತು, ಬಾಲವನ್ನು ಊರುಗೋಲಾಗಿಸಿ, ಗರಡಿಯ ಪೈಲ್ವಾನರಂತೆ ತೋಳು ತೋಳಿಗೆ ಹಾಕಿ ಸೆಣಸುತ್ತವೆ. ಸೆಪ್ಟೆಂಬರ್‌ನಲ್ಲಿ ಹೆಣ್ಣು ಸರಾಸರಿ ಇಪ್ಪತ್ತು ಮೊಟ್ಟೆಗಳನ್ನಿಡುತ್ತದೆ. ಅದಕ್ಕಾಗಿ ಅದು ಬಹಳ ಸಲ ಆರಿಸಿಕೊಳ್ಳುವುದು ಬೇರೆಯವರು ಕಟ್ಟಿದ ಮನೆಯನ್ನು. ಕಿತ್ತಳೆ ಕಾಲಿನ ಮೆಗಾಪೋಡ್ ಎಂಬ ಕೋಳಿಯಂಥ ಹಕ್ಕಿ ಅಲ್ಲಿದೆ. ಅದರದೇ ಕುಲದ ಇನ್ನೊಂದು ಹಕ್ಕಿ ನಮ್ಮ ನಿಕೋಬಾರ್ ದ್ವೀಪಗಳಲ್ಲಿದೆ. ಈ ಹಕ್ಕಿಗಳು ಕಾವು ಕೂರುವುದಿಲ್ಲ, ಮಣ್ಣು ತರಗೆಲೆಗಳನ್ನು ದೊಡ್ಡ ದಿಬ್ಬವಾಗಿ ಕೆರೆದು ಹಾಕಿ ಮೊಟ್ಟೆಗಳನ್ನು ಅದರೊಳಗೆ ಹೂಳುತ್ತವೆ. ಉಡ ಅಂಥ ದಿಬ್ಬವನ್ನು ತೋಡಿ ತನ್ನ ಮೊಟ್ಟೆಯಿಡುತ್ತದೆ. ಪಕ್ಕದಲ್ಲಿ ಖಾಲಿ ಗುಂಡಿಗಳನ್ನೂ ತೋಡಿ, ಮೊಟ್ಟೆಗಳ್ಳತನಕ್ಕೆ ಬರುವ ತನ್ನವರನ್ನೇ ದಾರಿತಪ್ಪಿಸುತ್ತದೆ. ಏಳೆಂಟು ತಿಂಗಳ ಮೇಲೆ, ಮಳೆಗಾಲ ಮುಗಿದು ಹುಳುಹುಪ್ಪಟೆ ಹೇರಳವಾಗಿರುವ ಹೊತ್ತಿಗೆ, ನಮ್ಮ ಮೊಳಕೈ ಉದ್ದದ ಮರಿಗಳು ಹೊರಬರುತ್ತವೆ. ಹಸಿರು, ಹಳದಿ, ಕಪ್ಪು ಪಟ್ಟೆಗಳ ಆ ಮರಿಗಳಿಗೂ ಬೂದು ಬಣ್ಣದ ದಪ್ಪ ಹಿರಿಯರಿಗೂ ಏನೇನೂ ಹೋಲಿಕೆ ಕಾಣುವುದಿಲ್ಲ.

ಮರಿಯ ಮೊದಲ ಕೆಲಸ ಮರ ಹತ್ತುವುದು. ದೊಡ್ಡ ಉಡಗಳು ತಮ್ಮದೇ ಜಾತಿಯ ಮರಿಗಳನ್ನು ಸಂಕೋಚವಿಲ್ಲದೆ ತಿನ್ನುತ್ತವೆ; ತೂಕ ಹೆಚ್ಚಾದ್ದರಿಂದ ಅವಕ್ಕೆ ಮರವೇರಲು ಆಗುವುದಿಲ್ಲ. ಹಾಗಾಗಿ ಮೊದಲ ಕೆಲವು ವರ್ಷಗಳನ್ನು ಮರಿಗಳು ಕೊಂಬೆಗಳ ಮೇಲೆ, ತೊಗಟೆಯ ಸಂದಿಗಳಲ್ಲಿ ಮಿಡತೆ, ಗೆಕೋ ಹಲ್ಲಿ, ಹಕ್ಕಿಮೊಟ್ಟೆ ತಿನ್ನುತ್ತ ಕಳೆಯುತ್ತವೆ. ದೊಡ್ಡವರು ಉಣ್ಣುವಲ್ಲಿಗೆ ಚೂರುಪಾರಿಗಾಗಿ ಬರಲೇಬೇಕಾದಾಗ, ಸತ್ತ ಪ್ರಾಣಿಯ ಕರುಳಿನಿಂದ ಚೆಲ್ಲಿದ ಸಗಣಿಯಲ್ಲಿ ಹೊರಳಿಕೊಂಡು ಬರುತ್ತವೆ. ಸಗಣಿಯ ವಾಸನೆ ದೊಡ್ಡವಕ್ಕೆ ಹಿಡಿಸುವುದಿಲ್ಲ. ಒಂದೇ ಜಾತಿಯ ಪ್ರಾಣಿಗಳು ವಯಸ್ಸಿಗೆ ತಕ್ಕಂತೆ ದ್ವೀಪವನ್ನು ಮೇಲು ಕೆಳಗಾಗಿ ಹಂಚಿಕೊಂಡಿರುವ ಈ ಏರ್ಪಾಟು ಚಿಕ್ಕ ಜಾಗದಲ್ಲಿ ಮೇವಿನ ಪೈಪೋಟಿಯನ್ನೂ ತಗ್ಗಿಸುತ್ತದೆ. ಎಂಟೊಂಬತ್ತು ವರ್ಷಕ್ಕೆ ಪ್ರಾಯಕ್ಕೆ ಬಂದ ಉಡ ಸುಮಾರು ಮೂವತ್ತು ವರ್ಷ ಬದುಕಬಲ್ಲದು.

ಇನ್ನೊಂದು ವಿಚಿತ್ರವಿದೆ. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದ ‘ಫ್ಲೋರಾ’ ಎಂಬ ಹೆಣ್ಣು ಉಡ ಗಂಡಿನ ಸಂಪರ್ಕವೇ ಇಲ್ಲದೆ ಫಲವತ್ತಾದ ಮೊಟ್ಟೆಗಳನ್ನಿಟ್ಟಿತು. ಲಂಡನ್ ಮೃಗಾಲಯದ ‘ಸುಂಗಾಯ್’ ಕೂಡ ಹಾಗೆಯೇ ಮರಿ ಪಡೆದಿತ್ತು. ಹುಟ್ಟಿದ ಮರಿಗಳೆಲ್ಲ ಗಂಡು. ಇದಕ್ಕೆ ಕಾರಣ ವರ್ಣತಂತುಗಳ ಲೆಕ್ಕದಲ್ಲಿದೆ. ಮನುಷ್ಯರಲ್ಲಿ ಎರಡು ಬೇರೆಬೇರೆ ಲಿಂಗ ವರ್ಣತಂತುಗಳಿರುವುದು ಗಂಡಿನಲ್ಲಿ. ಈ ಉಡಗಳಲ್ಲಿ, ಹಕ್ಕಿಗಳಲ್ಲಿರುವಂತೆ, ಅದು ಹೆಣ್ಣಿನಲ್ಲಿ. ಗಂಡು ಝಡ್-ಝಡ್, ಹೆಣ್ಣು ಝಡ್-ಡಬ್ಲ್ಯು. ಮೊಟ್ಟೆಯೊಳಕ್ಕೆ ಹೋಗುವುದು ಇವೆರಡರಲ್ಲಿ ಒಂದೇ. ಗಂಡಿನ ವೀರ್ಯ ಸಿಗದಾಗ ಮೊಟ್ಟೆ ತನ್ನದನ್ನೇ ಇಮ್ಮಡಿಸಿಕೊಂಡರೆ ಝಡ್-ಝಡ್ ಆಗಬಹುದು ಅಥವಾ ಡಬ್ಲ್ಯು-ಡಬ್ಲ್ಯು ಆಗಬಹುದು. ಎರಡನೆಯದಕ್ಕೆ ಜೀವ ಹಿಡಿಯುವ ಶಕ್ತಿ ಇಲ್ಲ. ಉಳಿಯುವುದು ಗಂಡು ಮರಿ ಮಾತ್ರ. ಒಂಟಿ ಹೆಣ್ಣೊಂದು ಹೊಸ ದ್ವೀಪಕ್ಕೆ ಕೊಚ್ಚಿಕೊಂಡು ಬಂದರೆ ಇದರಿಂದ ಸಂತತಿ ಮುಂದುವರಿಸಬಹುದು ಎಂಬುದು ಆಕರ್ಷಕವಾದ ಊಹೆ. ಅದಕ್ಕೆ ಬೀಳುವ ಬೆಲೆಯೂ ದೊಡ್ಡದು: ಮುಂದಿನ ಪೀಳಿಗೆ ತಾಯಿ ಮಕ್ಕಳ ಕೂಟದಿಂದಲೇ ಬರಬೇಕಾಗುತ್ತದೆ.

ಕೊಮೊಡೊ ಹಳ್ಳಿಯವರು ಇದನ್ನು ‘ಓರಾ’ ಎನ್ನುತ್ತಾರೆ. ನಾಗರಾಣಿಯೊಬ್ಬಳಿಗೆ ಅವಳಿ ಮಕ್ಕಳು ಹುಟ್ಟಿದವು, ಒಂದು ಮನುಷ್ಯ, ಇನ್ನೊಂದು ಓರಾ ಎಂಬುದು ಅವರ ಹಿರಿಯರಿಂದ ಬಂದ ಕಥೆ. ಆದ್ದರಿಂದ ಓರಾ ಅವರಿಗೆ ಒಡಹುಟ್ಟು. ಒಡಹುಟ್ಟಿದರೇನು, ಎಚ್ಚರವಂತೂ ಬೇಕೇ. ಮನೆಗಳು ಎತ್ತರದ ಕಂಬಗಳ ಮೇಲೆ ನಿಂತಿರುತ್ತವೆ, ಹೂತ ಹೆಣಗಳನ್ನು ಉಡಗಳು ಅಗೆಯದಿರಲೆಂದು ಸಮಾಧಿಗಳ ಮೇಲೆ ಕಲ್ಲು ಹೇರುತ್ತಾರೆ. ಮನುಷ್ಯರ ಮೇಲೆ ದಾಳಿ ಅಪರೂಪವಾದರೂ ನಡೆದಿದೆ. 2007ರಲ್ಲಿ ಎಂಟು ವರ್ಷದ ಹುಡುಗನೊಬ್ಬ ಸತ್ತ. ಪ್ರವಾಸಿಗರ ಜೊತೆ ಹೋಗುವ ಕಾವಲುಗಾರರ ಕೈಯಲ್ಲಿರುವ ಆಯುಧ ತುದಿ ಕವಲೊಡೆದ ಒಂದು ಕೋಲು. ಮುನ್ನುಗ್ಗಿದ ಉಡದ ಕತ್ತಿಗೆ ಅದನ್ನು ಒತ್ತಿ ತಡೆಯುತ್ತಾರೆ. ಹಿಂದೆ ಪ್ರವಾಸಿಗರ ಕಣ್ತಣಿಸಲು ಆಡು ಕಡಿದು ಹಾಕುವ ಪದ್ಧತಿಯಿತ್ತು. ಪುಕ್ಕಟೆ ಊಟಕ್ಕೆ ಒಗ್ಗಿದ ಉಡಗಳು ಬೇಟೆ ಮರೆಯುತ್ತ ಜನರ ಬಳಿಯೇ ಸುಳಿಯತೊಡಗಿದ್ದರಿಂದ 1990ರ ದಶಕದಲ್ಲಿ ಅದನ್ನು ನಿಲ್ಲಿಸಲಾಯಿತು.

1980ರಲ್ಲಿ ಕೊಮೊಡೊ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು, 1991ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉದ್ಯಾನದೊಳಗಿನ ಸಂಖ್ಯೆ ಸದ್ಯಕ್ಕೆ ಸ್ಥಿರವಾಗಿದೆ. ಆದರೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2021ರಲ್ಲಿ ಈ ಪ್ರಾಣಿಯನ್ನು ‘ದುರ್ಬಲ’ ವರ್ಗದಿಂದ ‘ಅಳಿವಿನಂಚಿನ’ ವರ್ಗಕ್ಕೆ ಇಳಿಸಿತು. ಬೆಳೆದ ಉಡಗಳು ಸುಮಾರು 1,400 ಮಾತ್ರ ಇವೆ ಎಂಬುದು ಆಗಿನ ಅಂದಾಜು. ಫ್ಲೋರೆಸ್‌ನಲ್ಲಿ ಉದ್ಯಾನದ ಹೊರಗಿರುವ ಕಾಡು ಹೊಲಗಳಾಗುತ್ತಿದೆ, ಜಿಂಕೆಗಳ ಕಳ್ಳಬೇಟೆ ನಿಂತಿಲ್ಲ. ಬೇಟೆ ಹೋದರೆ ಏನಾಗುತ್ತದೆ ಎಂಬುದನ್ನು ಪಾದಾರ್ ದ್ವೀಪ ತೋರಿಸಿದೆ. ಕೊಮೊಡೊ ಮತ್ತು ರಿಂಚಾಗಳ ನಡುವೆ ಇರುವ, ಈಗ ಪ್ರವಾಸಿಗರು ಗುಡ್ಡದ ತುದಿಗೆ ಹತ್ತಿ ಮೂರು ಕೊಲ್ಲಿಗಳ ಫೋಟೊ ತೆಗೆಯುವ ಆ ದ್ವೀಪದಲ್ಲಿ ಜಿಂಕೆಗಳನ್ನು ಜನ ಹೊಡೆದು ಮುಗಿಸುತ್ತ ಬಂದಂತೆ 1970ರ ದಶಕದಲ್ಲಿ ಉಡಗಳು ಇಲ್ಲವಾದವು.

ಹೊಸ ಆತಂಕ ಸಮುದ್ರದಿಂದ ಬಂದಿದೆ. ಮುಂದಿನ 45 ವರ್ಷಗಳಲ್ಲಿ ಇವುಗಳಿಗೆ ಒಗ್ಗುವ ನೆಲೆ ಕನಿಷ್ಠ ಶೇಕಡ 30ರಷ್ಟು ಕುಗ್ಗಲಿದೆ ಎಂಬುದು 2021ರ ಅದೇ ಮೌಲ್ಯಮಾಪನದ ಲೆಕ್ಕ. ತಾಪ ಏರುವುದೂ ಸಮುದ್ರಮಟ್ಟ ಏರುವುದೂ ಅದಕ್ಕೆ ಕಾರಣ. ಉಡಗಳು ಬೇರೆಡೆಗೆ ಹೋಗಬಾರದೇ ಎಂದು ಕೇಳಬಹುದು. ಅವು ಚೆನ್ನಾಗಿಯೇ ಈಜುತ್ತವೆ. ಇದನ್ನು ಪರೀಕ್ಷಿಸಿ ನೋಡಿದ ದೀರ್ಘಕಾಲದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹಿಡಿದು ಅದೇ ದ್ವೀಪದ ಇನ್ನೊಂದು ಮೂಲೆಗೆ, ಇಪ್ಪತ್ತು ಕಿಲೊಮೀಟರ್‌ಗೂ ಹೆಚ್ಚು ದೂರದವರೆಗೂ ಒಯ್ದು ಬಿಟ್ಟುಬಂದ ಉಡಗಳು ನಾಲ್ಕು ತಿಂಗಳೊಳಗೆ ತಮ್ಮ ಹಳೆಯ ಕಣಿವೆಗೆ ನಡೆದು ಬಂದವು. ಎರಡು ಕಿಲೊಮೀಟರ್ ನೀರಿನಾಚೆ ಬಿಟ್ಟವು ಈಜಿ ಮರಳಲಿಲ್ಲ. ಸ್ವಂತ ಇಚ್ಛೆಯಿಂದ ಹುಟ್ಟಿದ ಕಣಿವೆಯನ್ನು ಬಿಟ್ಟು ದೂರ ಹೋದವುಗಳಂತೂ ಬೆರಳೆಣಿಕೆಯಷ್ಟು. ಆ ಕಣಿವೆಗಳೆಲ್ಲ ಸಮುದ್ರದ ಕಡೆಗೆ ಬಾಯ್ದೆರೆದಿರುವ ತಗ್ಗು ನೆಲಗಳು. ಹುಣಸೆಯ ನೆರಳು, ಜಿಂಕೆಯ ಹಾದಿ, ಮೆಗಾಪೋಡ್ ಹಕ್ಕಿಯ ಮಣ್ಣಿನ ದಿಬ್ಬ ಎಲ್ಲವೂ ಇರುವುದು ಅಲ್ಲಿಯೇ.